ಕಿಟಕಿಯೊಳಗಿನ ಕೊಕ್ಕರೆ

ವಿನೆಗರ್ ನೀರಿನಲ್ಲಿ ಅದ್ದಿದ ಹಳೆಯ ಪತ್ರಿಕೆಯಿಂದ ಗಾಜುಗಳನ್ನೆಲ್ಲ ಒರೆಸಿ ಮುಗಿಸಿದ್ದೆ. ಇನ್ನು ಹೊರಗಿನ ಧೂಳು ಕೊಡವಿದರಾಯಿತೆಂದು ನಡುವಿನ ಕಿಟಕಿಯ ಚೌಕಟ್ಟನ್ನು ಮೇಲಕ್ಕೆ ಎತ್ತಿದೆ. ಅದು ಅರ್ಧಕ್ಕೆ ಬಂದಿತ್ತಷ್ಟೆ. ಫಟ್ಟೆಂದು ಅದನ್ನು ಹಿಡಿದಿದ್ದ ಪಕ್ಕದ ಹಗ್ಗ ಹರಿಯಿತು.

ಚೌಕಟ್ಟು ಒಂದು ಕಡೆಗೆ ವಾಲಿ ಸಿಕ್ಕಿಕೊಂಡಿತು. ಅದೇ ಕ್ಷಣ ಪಕ್ಕದ ಗೋಡೆಯೊಳಗೆ ಏನೋ ಬಿದ್ದ ಸದ್ದು.

"ಅಮ್ಮಾ, ಗೋಡೆಯೊಳಗೆ ಗಂಟೆ ಹೊಡೀತು!"

ಕ್ಲೆಮ್ಮಿ ಕ್ಲಬ್ ಕೋಣೆಯ ಉದ್ದನೆಯ ಮೇಜಿನ ಮೇಲೆ ಕುಳಿತು ಮಾರ್ಮಲೇಡ್ ಹಚ್ಚಿದ ಬ್ರೆಡ್ಡು ತಿನ್ನುತ್ತಿದ್ದಳು. ಶನಿವಾರ, ಶಾಲೆಯಿಲ್ಲ. ಮೇಜಿನ ಮೇಲೆ ಕೂರಬೇಡವೆಂದು ಆ ಬೆಳಿಗ್ಗೆ ಆಗಲೇ ಎಷ್ಟು ಸಲ ಹೇಳಿದ್ದೆನೋ.

"ಗಂಟೆ ಅಲ್ಲ ಕಣೇ. ಕಿಟಕಿಯ ಎರಡೂ ಪಕ್ಕ, ಗೋಡೆಯೊಳಗೆ, ಹಗ್ಗದ ತುದೀಲಿ ಒಂದೊಂದು ಕಬ್ಬಿಣದ ತೂಕ ಇರತ್ತೆ. ಅದು ಇಳಿದ್ರೆ ಕಿಟಕಿ ಏರತ್ತೆ. ಹಗ್ಗ ಹರೀತು, ತೂಕ ಬಿತ್ತು."

"ಕಬ್ಬಿಣ ಹಾಡತ್ತಾ?"

ಕಬ್ಬಿಣ ಹಾಡುವುದಿಲ್ಲ. ಚಿಕ್ಕವಳಿದ್ದಾಗ ಇದೇ ಕಿಟಕಿಯ ಕೆಳಗೆ ಕುಳಿತು, ಅಪ್ಪ ಹಳೆಯ ಹಗ್ಗ ಬಿಚ್ಚಿ ಹೊಸದು ಕಟ್ಟುವುದನ್ನು ನೋಡಿದ್ದೇನೆ. ಆ ಕಬ್ಬಿಣ ಬಿದ್ದರೆ ಧೊಪ್ಪೆಂದು, ಹಿಟ್ಟಿನ ಮೂಟೆ ಇಳಿಸಿದ ಹಾಗೆ ಕೇಳುತ್ತಿತ್ತು. ಈಗ ಕೇಳಿದ್ದು ಬೇರೆ. ಯಾರೋ ತೊಳೆದ ಬಟ್ಟಲನ್ನು ಕಲ್ಲಿನ ಮೇಲೆ ಬೀಳಿಸಿದ ಹಾಗಿತ್ತು.

"ಬಾರ್‌ನ ಡ್ರಾಯರಲ್ಲಿ ಅಗಲ ಉಳಿ ಇದೆ, ಓಡಿಹೋಗಿ ತಾ. ಬ್ರೆಡ್ಡು ಇಲ್ಲೇ ಇಟ್ಟು ಹೋಗು."

ಅವಳು ಮೆಟ್ಟಿಲ ಕೈಹಿಡಿಯ ಮೇಲೆ ಜಾರಿಕೊಂಡೇ ಇಳಿದಳು. ಚಿಕ್ಕಂದಿನಲ್ಲಿ ನಾನೂ ಹಾಗೇ ಇಳಿಯುತ್ತಿದ್ದೆ. ಇನ್ನೂರು ವರ್ಷದಿಂದ ಮಕ್ಕಳ ಬಟ್ಟೆ ತಿಕ್ಕಿ ತಿಕ್ಕಿ ಆ ಮರ ಗಾಜಿನಷ್ಟು ನುಣುಪಾಗಿದೆ.

ನಮ್ಮೂರು ಸೆಜ್‌ಕೂಂಬ್‌ನಲ್ಲಿ ನಮ್ಮ 'ಬೂದು ಕೊಕ್ಕರೆ' ಪಬ್ಬಿನಷ್ಟು ಅಚ್ಚುಕಟ್ಟಾದ ಮನೆ ಇನ್ನೊಂದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ನಡುವೆ ಬಾಗಿಲು, ಅದರ ನೆತ್ತಿಯ ಮೇಲೆ ಬೀಸಣಿಗೆಯ ಹಾಗೆ ಬಿಚ್ಚಿದ ಗಾಜು. ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಮೊದಲ ಮಹಡಿಯ ಕ್ಲಬ್ ಕೋಣೆಯ ಕಿಟಕಿಗಳು ಎಲ್ಲಕ್ಕಿಂತ ಎತ್ತರ. ಮೇಲಕ್ಕೆ ಹೋದಂತೆ ಅವು ಕುಗ್ಗುತ್ತವೆ. ಅಟ್ಟದ ಕೆಳಗಿನ, ಅಪ್ಪ ಈಗ ಮಲಗಿರುವ ಕೋಣೆಯದು ಮಗುವಿನ ಸ್ಲೇಟಿನಷ್ಟು.

"ಈ ಮನೇಲಿ ಒಂಟಿ ಅನ್ನೋದು ಯಾವುದೂ ಇಲ್ಲ ಹೆಟ್ಟಿ," ಎನ್ನುತ್ತಿದ್ದರು ಅಪ್ಪ. "ಒಂದು ಕಂಡ್ರೆ ಅದರ ಜೋಡಿ ಎಲ್ಲಿದೆ ಅಂತ ಹುಡುಕು. ಇದ್ದೇ ಇರತ್ತೆ."

ಕ್ಲೆಮ್ಮಿ ಉಳಿ ತಂದಳು. ಕಿಟಕಿಯ ಪಕ್ಕದ ಮರದ ಪೆಟ್ಟಿಗೆಯ ಬುಡದಲ್ಲಿ, ತೂಕವನ್ನು ಹೊರತೆಗೆಯಲೆಂದೇ ಮಾಡಿದ ಸಣ್ಣ ಹಲಗೆಯೊಂದು ಇರುತ್ತದೆ. ಬಣ್ಣದ ಕೆಳಗೆ ಅದು ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಉಳಿ ತೂರಿಸಿ ಮೀಟಿದೆ. ಹಲಗೆ ಕಳಚಿತು. ಕತ್ತಲೊಳಗೆ ಕೈಯಿಟ್ಟೆ.

ಮೊದಲು ಸಿಕ್ಕಿದ್ದು ಜೇಡರ ಬಲೆ. ಆಮೇಲೆ ಬಟ್ಟೆ. ಬಿಲಿಯರ್ಡ್ಸ್ ಮೇಜಿಗೆ ಹಾಸುವಂಥ ದಪ್ಪನೆಯ ಹಸಿರು ಉಣ್ಣೆ ಬಟ್ಟೆ. ಭಾರ ಸರಿದೂಗಲೆಂದೋ ಏನೋ, ಅದರ ಮೇಲೆ ಸೀಸದ ತಗಡು ಸುತ್ತಿ ಬಿಗಿಯಾಗಿ ಕಟ್ಟಿದ್ದರು. ಮೊಳದುದ್ದದ ಗಂಟು, ಒಂದು ತುದಿ ಸವೆದು ಒಳಗಿನ ಲೋಹ ಇಣುಕುತ್ತಿತ್ತು; ಹಾಡಿದ್ದು ಅದೇ. ಎಳೆದು ಮಡಿಲಲ್ಲಿಟ್ಟುಕೊಂಡು ಬಿಚ್ಚಿದೆ.

ಮೊದಲು ಕೊಕ್ಕು ಕಂಡಿತು. ಮಡಿಸಿದ ಕತ್ತು, ಮೈಗೆ ಒತ್ತಿಕೊಂಡ ರೆಕ್ಕೆ, ಒಂದರ ಪಕ್ಕ ಒಂದು ನಿಂತ ಕಾಲುಗಳು. ಮೂರು ಬೆರಳಗಲದ ತೆಳ್ಳನೆಯ ಹಕ್ಕಿ. ಕಪ್ಪಿಟ್ಟಿದ್ದರೂ ಬೆಳ್ಳಿ ಬೆಳ್ಳಿಯೇ.

ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟೆ.

ಮೂವತ್ತು ವರ್ಷಗಳ ಮೇಲಾಯಿತು, ಈ ಕೊಕ್ಕರೆಯನ್ನು ಕದ್ದವರೆಂದು ಊರು ನನ್ನ ಅಪ್ಪನನ್ನು ಕರೆದು.

"ಅಮ್ಮಾ, ಯಾಕೆ ಅಳ್ತಿದ್ದೀಯ?"

"ಧೂಳು ಕಣೇ."

ನಮ್ಮ ಪಬ್ಬಿನಲ್ಲಿ ಸೇರುವ ಊರ ಕ್ಲಬ್ಬಿನ ಪ್ರತಿ ಸದಸ್ಯನಿಗೂ ತುದಿಯಲ್ಲಿ ಹಿತ್ತಾಳೆಯ ಕೊಕ್ಕರೆಯಿರುವ ಕೋಲೊಂದು ಇದೆ. ಎಲ್ಲವೂ ಈ ಕೋಣೆಯ ಗೋಡೆಗೆ ಸಾಲಾಗಿ ನಿಂತಿವೆ. ಮುಂದೆ ನಡೆಯುವವನದು ಮಾತ್ರ ಬೆಳ್ಳಿಯದಾಗಿತ್ತು. ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ವಿಟ್ಸನ್ ಹಬ್ಬದ ಸೋಮವಾರ ಎಲ್ಲರೂ ಕೋಲು ಹಿಡಿದು ಚರ್ಚಿಗೆ ನಡೆದು, ಅಲ್ಲಿಂದ ಬಂದು ನಮ್ಮ ಬಾಗಿಲ ಮುಂದೆ ನಿಲ್ಲುತ್ತಾರೆ. ಆಗ ಪಬ್ಬಿನವರು ಈ ನಡುವಿನ ಕಿಟಕಿಯನ್ನು ಪೂರ್ತಿ ಎತ್ತಬೇಕು. ಎತ್ತಿದ ಕೂಡಲೇ, ಹಿಡಿದವನು ಕೋಲು ಇಳಿಸಿದಂತೆ, ಬೆಳ್ಳಿ ಕೊಕ್ಕರೆ ತಲೆ ಬಾಗಿಸುತ್ತಿತ್ತು. ಆಮೇಲೆ ಕಿಟಕಿಯಿಂದ ಮೊದಲ ಲೋಟ ಸೈಡರ್, ಅಂದರೆ ಸೇಬಿನ ಮದ್ಯ, ಕೆಳಗಿಳಿಯುತ್ತದೆ. ಅದಾಗುವ ತನಕ ಊರಲ್ಲಿ ಯಾರೂ ಒಂದು ಗುಟುಕು ಕುಡಿಯುವುದಿಲ್ಲ.

ನನಗೆ ಆರು ವರ್ಷವಿದ್ದಾಗ, ಅಪ್ಪ ಈ ಪಬ್ಬು ನಡೆಸುತ್ತಿದ್ದ ಕಾಲದಲ್ಲಿ, ವಿಟ್ಸನ್ ಬೆಳಿಗ್ಗೆ ನೋಡಿದರೆ ಕೊಕ್ಕರೆ ಇರಲಿಲ್ಲ. ಈ ಕೋಣೆಯ ಬೀಗ ಮುರಿದಿರಲಿಲ್ಲ. ಬೀಗದ ಕೈ ಅಪ್ಪನ ಹತ್ತಿರವಿತ್ತು. ಅಷ್ಟು ಸಾಕಾಯಿತು. ಪೊಲೀಸರು ಹುಡುಕಿದರು, ಏನೂ ಸಿಗಲಿಲ್ಲ, ಕೇಸೂ ಆಗಲಿಲ್ಲ. ಆದರೆ ಕ್ಲಬ್ಬಿನವರು ಅವಮಾನದ ಗುರುತಾಗಿ ಅಪ್ಪನ ಕೋಲನ್ನು ತಲೆಕೆಳಗಾಗಿ ತೂಗುಹಾಕಿದರು. ಅದು ಇವತ್ತಿಗೂ ಸಾಲಿನ ಕೊನೆಯಲ್ಲಿ ಹಾಗೇ ಇದೆ. ಆ ಚಳಿಗಾಲ ನಾವು ಈ ಮನೆ ಬಿಟ್ಟೆವು. ಎಷ್ಟೋ ವರ್ಷದ ಮೇಲೆ ಈ ಪಬ್ಬನ್ನು ನಾನೇ ನಡೆಸತೊಡಗಿದ ಮೇಲೂ ಆ ಕೋಲನ್ನು ಮುಟ್ಟುವ ಹಕ್ಕು ನನಗಿಲ್ಲ. ಅಪ್ಪ ನನ್ನ ಜೊತೆ ಈ ಮನೆಗೆ ಮರಳಿದರು, ಈ ಕೋಣೆಗೆ ಮಾತ್ರ ಕಾಲಿಟ್ಟಿಲ್ಲ.

ಸೋಮವಾರ ಮತ್ತೆ ನಡಿಗೆ. ಅಪ್ಪನಿಗೆ ಮುಂದಿನ ವಿಟ್ಸನ್ ಇಲ್ಲವೆಂದು ಡಾಕ್ಟರು ನನ್ನ ಕೈಹಿಡಿದು ಹೇಳಿಹೋಗಿದ್ದಾರೆ. ಆ ಕೋಲು ನೆಟ್ಟಗಾಗುವುದಿದ್ದರೆ ಈ ಸೋಮವಾರವೇ ಆಗಬೇಕು.

ಕೊಕ್ಕರೆ ಸಿಕ್ಕಿತ್ತು. ಆದರೆ ಸಿಕ್ಕ ಜಾಗ ಒಳ್ಳೆಯದಲ್ಲ. ಈ ಮನೆಯ ಕಿಟಕಿಗಳಿಗೆ ಹಗ್ಗ ಕಟ್ಟುತ್ತಿದ್ದವರು ಯಾರು? ಅಪ್ಪನೇ. ಇದನ್ನು ಕೆಳಗೆ ಒಯ್ದು ತೋರಿಸಿದರೆ ಊರು ಏನೆನ್ನುತ್ತದೆ? ನೋಡಿದ್ರಾ, ಅವನ ಗೋಡೆಯೊಳಗೇ ಇತ್ತು.

ಇನ್ನೊಂದು ಯೋಚನೆ ಬಂತು. ಚೌಕಟ್ಟು ಏರಿದರೆ ತೂಕ ಇಳಿಯುತ್ತದೆ. ಇಷ್ಟು ವರ್ಷ, ಕೆಳಗೆ ನಿಂತ ಜನರೆದುರು ಈ ಕಿಟಕಿ ಏರಿದಾಗಲೆಲ್ಲ ಗೋಡೆಯೊಳಗೆ, ಯಾರಿಗೂ ಕಾಣದಂತೆ, ಬೆಳ್ಳಿ ಕೊಕ್ಕರೆ ಕೆಳಗಿಳಿಯುತ್ತಿತ್ತು. ಬಾಗಬೇಕಾದ ಹೊತ್ತಿಗೆ ಸರಿಯಾಗಿ ಬಾಗುತ್ತಿತ್ತು.

ಮಾರಲು ಕದ್ದವನು ಹೀಗೆ ಮಾಡುತ್ತಾನೆಯೇ? ಇದನ್ನಿಟ್ಟವನಿಗೆ ಕ್ಲಬ್ಬಿನ ಮೇಲೆ ಪ್ರಾಣ.

"ಅಮ್ಮಾ, ಈ ಹಲಗೆ ಅಂಚು ಸ್ಯಾಂಡ್‌ವಿಚ್ ಥರ ಇದೆ," ಎಂದಳು ಕ್ಲೆಮ್ಮಿ.

ತೆಗೆದುಕೊಂಡು ಬೆಳಕಿಗೆ ಹಿಡಿದೆ. ಹೌದು, ಬಣ್ಣದ ಪದರಗಳು. ಕೆಳಗಿನದು ಹಸಿರು. ಯುದ್ಧ ಮುಗಿದ ವರ್ಷ ಅಪ್ಪ ಬಳಿದದ್ದು. ಆ ಹಸಿರು ನನ್ನ ಹಳದಿ ಗೌನಿಗೆ ಹತ್ತಿ ಅಮ್ಮನಿಂದ ಬೈಸಿಕೊಂಡಿದ್ದೆ. ಅದರ ಮೇಲೆ ಕೆನೆ ಬಣ್ಣ. ಅದು ರಾಣಿಯ ಪಟ್ಟಾಭಿಷೇಕದ ವರ್ಷ ಕ್ಲಬ್ಬಿನವರೇ ಸೇರಿ ಬಳಿದದ್ದು. ಅಷ್ಟರಲ್ಲಿ ನಾವು ಈ ಮನೆಯಿಂದ ಹೊರಬಿದ್ದು ವರ್ಷಗಳಾಗಿದ್ದವು. ಎಲ್ಲಕ್ಕೂ ಮೇಲಿನ ಬಿಳಿ ನನಗಿಂತ ಮೊದಲಿದ್ದ ಪಬ್ಬಿನವರದು.

ಪಕ್ಕದ ಕಿಟಕಿಗೆ ಹೋಗಿ ಉಳಿಯಿಂದ ಬಿಳಿ ಬಣ್ಣವನ್ನು ಸ್ವಲ್ಪ ಕೆರೆದೆ. ಕೆಳಗಿನ ಕೆನೆ ಬಣ್ಣ ಹಲಗೆಯ ಸಂದಿನ ಮೇಲೆ ಎಲ್ಲೂ ಬಿಡದೆ ಹಾದುಹೋಗಿತ್ತು. ಪಟ್ಟಾಭಿಷೇಕದ ಬಳಿಕ ಅದನ್ನು ಯಾರೂ ತೆರೆದಿಲ್ಲ. ಇನ್ನೊಂದು ಪಕ್ಕದ ಕಿಟಕಿಯದೂ ಹಾಗೇ.

ನಡುವಿನದರಲ್ಲಿ ಮಾತ್ರ ಕೆನೆ ಬಣ್ಣವನ್ನು ಯಾರೋ ಚಾಕುವಿನಿಂದ ಸಂದಿನುದ್ದಕ್ಕೂ ನೇರವಾಗಿ ಸೀಳಿದ್ದರು. ಸೀಳಿದ ಜಾಗದೊಳಕ್ಕೆ ಬಿಳಿ ಬಣ್ಣ ಇಳಿದಿತ್ತು.

ಅಂದರೆ ಕೊಕ್ಕರೆ ಇಲ್ಲಿಗೆ ಬಂದದ್ದು ಪಟ್ಟಾಭಿಷೇಕವಾದ ಮೇಲೆ, ಬಿಳಿ ಬಣ್ಣ ಬಳಿಯುವ ಮೊದಲು. ಅಪ್ಪ ಈ ಹೊಸ್ತಿಲು ತುಳಿಯದೆ ಇದ್ದ ಕಾಲದಲ್ಲಿ.

ಕಿಟಕಿಯ ಇನ್ನೊಂದು ಬದಿಯ ಹಲಗೆಯನ್ನೂ ಬಿಚ್ಚಿ, ಹಗ್ಗಕ್ಕೆ ಕಟ್ಟಿದ ಕಬ್ಬಿಣವನ್ನು ಹೊರಗೆ ಎಳೆದೆ. ತೋಳಿನಷ್ಟು ಉದ್ದದ ಗುಂಡನೆಯ ಕಂಬಿ. ನೆತ್ತಿಯಲ್ಲಿ ಹಗ್ಗ ಪೋಣಿಸುವ ತೂತು, ತೂತಿನ ಕೆಳಗೆ ಎರಕದಲ್ಲೇ ಮೂಡಿದ ಪುಟ್ಟ ನಕ್ಷತ್ರ. ಹಳೆಯ ಎರಕದವರ ಗುರುತು.

ಕ್ಲೆಮ್ಮಿ ಅದರ ಮೇಲೆ ಬೆರಳಾಡಿಸಿದಳು. ಹುಬ್ಬು ಗಂಟಿಕ್ಕಿತು.

"ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಪುಟ್ಟಾ."

ಏಕೆಂದರೆ ಹೊರಗೆ ಗೇಟಿನ ಸದ್ದಾಗಿತ್ತು. ಎದುರಿನ ಓಣಿಯ ರೂಬೆನ್ ಟ್ಯಾರಂಟ್ ಮನೆಯ ಗೇಟು. ಸರಪಳಿಗೆ ಕಟ್ಟಿದ ಭಾರ ಎಳೆದು ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಶಾಲೆಯಿಂದ ಬರುವಾಗ ದಿನವೂ ಅದರ ಮೇಲೆ ಹತ್ತಿ ಒಂದು ಸವಾರಿ ಮಾಡದಿದ್ದರೆ ನನ್ನ ಮಗಳಿಗೆ ಚಹಾ ಇಳಿಯುವುದಿಲ್ಲ.

ವಿಟ್ಸನ್‌ಗೆ ಮೊದಲ ಶನಿವಾರ ಕೋಲುಗಳ ಹಿತ್ತಾಳೆ ಬೆಳಗುವುದು ರೂಬೆನ್ ಮಾಮನ ಕೆಲಸ. ನಾನು ಮರೆತೇಬಿಟ್ಟಿದ್ದೆ. ಮುಚ್ಚಿಡೋಣವೆಂದು ಕೈ ಚಾಚುವಷ್ಟರಲ್ಲಿ ಮೆಟ್ಟಿಲ ಮೇಲೆ ಅವರ ಬೂಟು, ಬಾಗಿಲಲ್ಲಿ ಅವರ ಬಿಳಿ ತಲೆ.

"ಏನು ಹೆಟ್ಟಿ, ಬೆಳಿಗ್ಗೆ ಬೆಳಿಗ್ಗೆ ಮನೆ ಕೆಡವ್ತಿದ್ದೀಯ? ಕೆಡವೋದಿದ್ರೆ ಮೊದಲು ಬ್ಯಾರಲ್ ಖಾಲಿ ಮಾಡೋಣ, ನನಗೂ ಹೇಳಿಕಳಿಸು..."

ಅವರ ಕಣ್ಣು ಮೇಜಿನ ಮೇಲಿತ್ತು.

ರೂಬೆನ್ ಮಾಮ ಬೆತ್ತದ ಬುಟ್ಟಿ ಹೆಣೆಯುವವರು. ಕ್ಲಬ್ಬಿನ ಉಸ್ತುವಾರಿಯೂ ಅವರದೇ. ನಾವು ಈ ಮನೆ ಬಿಟ್ಟ ಚಳಿಗಾಲ ಊರೆಲ್ಲ ಮುಖ ತಿರುಗಿಸಿದಾಗ, ಬುಟ್ಟಿ ತುಂಬ ಸೇಬು ಹೊತ್ತು ಹಿತ್ತಲ ಬಾಗಿಲಿಗೆ ಬಂದವರು ಅವರೊಬ್ಬರೇ. ಕ್ಲೆಮ್ಮಿಯ ತೊಟ್ಟಿಲೂ ಅವರ ಕೈಯದೇ.

ಅವರು ಟೋಪಿ ತೆಗೆದರು. ಚರ್ಚಿನಲ್ಲಿ ತೆಗೆಯುವ ಹಾಗೆ.

"ಎಲ್ಲಿತ್ತು?"

"ಗೋಡೆಯೊಳಗೆ. ತೂಕದ ಜಾಗದಲ್ಲಿ."

ಕುರ್ಚಿ ಎಳೆದು ಕುಳಿತರು. ಬೆರಳ ತುದಿಯಿಂದ ಕೊಕ್ಕರೆಯ ಕತ್ತನ್ನು ಒಮ್ಮೆ ಸವರಿದರು.

"ಅಯ್ಯೋ ಅಂಬ್ರೋಸ್," ಎಂದರು ಕೊನೆಗೆ. "ಎಂಥ ಕೆಲಸ ಮಾಡ್ಕೊಂಡೆಯೋ."

ಅಂಬ್ರೋಸ್ ನನ್ನ ಅಪ್ಪ.

"ಅಪ್ಪ ಅಂತ ಯಾಕೆ ಅಂದ್ಕೊಂಡ್ರಿ ಮಾಮ?"

"ಕಿಟಕಿ ಹಗ್ಗ ಕಟ್ತಿದ್ದವನು ಇನ್ಯಾರು ಮಗಳೇ? ನಾನಂತೂ ಇಷ್ಟು ವರ್ಷ ಅವನಲ್ಲ, ಅವನಲ್ಲ ಅಂತ ಎಲ್ಲರ ಹತ್ರ ಜಗಳ ಆಡಿದೀನಿ. ನಿಂಗೇ ಗೊತ್ತು." ಅವರು ನನ್ನ ಕೈ ಹಿಡಿದರು. ಬೆತ್ತ ಹೆಣೆದ ಒರಟು ಅಂಗೈ, ಬೆಚ್ಚಗಿತ್ತು. "ಒಂದು ಮಾತು ಕೇಳ್ತೀಯಾ? ಇದನ್ನ ಇದ್ದಲ್ಲೇ ಇಟ್ಟುಬಿಡು. ಹಗ್ಗ ನಾನು ಕಟ್ಟಿಕೊಡ್ತೀನಿ. ಸೋಮವಾರ ಕಿಟಕಿ ಏರತ್ತೆ, ಇಳಿಯತ್ತೆ. ಯಾರಿಗೆ ಗೊತ್ತಾಗಬೇಕು? ಮುದುಕ ನೆಮ್ಮದಿಯಾಗಿ ಹೋಗ್ಲಿ."

"ಕಳ್ಳ ಅನ್ನಿಸಿಕೊಂಡೇ ಹೋಗ್ಲಿ ಅಂತೀರಾ?"

"ಸಂಶಯ ಇಟ್ಕೊಂಡು ಹೋಗ್ಲಿ ಅಂತೀನಿ. ಸಂಶಯ ವಾಸಿ, ಹೆಟ್ಟಿ. ಇದು ಹೊರಗೆ ಬಂದ್ರೆ ಅದೂ ಉಳಿಯಲ್ಲ."

ಮೇಲಿನ ಮಹಡಿಯಿಂದ ಊರುಗೋಲು ನೆಲಕ್ಕೆ ಬಡಿದ ಸದ್ದು. ಅಪ್ಪನಿಗೆ ಚಹಾ ಬೇಕು.

"ಬಂದೆ ಅಪ್ಪಾ!" ಎಂದು ಕೂಗಿ ಹೇಳಿದೆ. ಆದರೆ ಎದ್ದು ಹೋಗಲಿಲ್ಲ. ಹಲಗೆಯನ್ನು ತೆಗೆದು ರೂಬೆನ್ ಮಾಮನ ಮುಂದಿಟ್ಟೆ.

"ಈ ಅಂಚು ನೋಡಿ. ಕೆನೆ ಬಣ್ಣ. ನೀವೇ ಬಳಿದಿದ್ರಲ್ಲ, ಪಟ್ಟಾಭಿಷೇಕಕ್ಕೆ? ಮೂಗಿಗೆಲ್ಲ ಹಚ್ಕೊಂಡು ನಮ್ಮನೆಗೆ ಬಂದಿದ್ರಿ, ಅಮ್ಮ ಟರ್ಪೆಂಟೈನ್ ಹಾಕಿ ಒರೆಸಿದ್ಲು."

ಅವರಿಗೆ ನಗು ಬಂತು. "ನಿನ್ನಮ್ಮ ಮೂಗಿನ ಚರ್ಮಾನೂ ಕಿತ್ತಿದ್ಲು."

"ಆ ಬಣ್ಣ ಒಣಗಿದ ಮೇಲೆ ಯಾರೋ ಇದನ್ನ ಸೀಳಿ ತೆಗೆದಿದ್ದಾರೆ, ಮಾಮ. ಆಗ ಅಪ್ಪ ಇಲ್ಲಿರ್ಲಿಲ್ಲ. ಈ ಕಡೆ ರಸ್ತೇಲೂ ನಡೀತಿರ್ಲಿಲ್ಲ."

ನಗು ಅವರ ಮುಖದಲ್ಲೇ ಉಳಿಯಿತು, ಕಣ್ಣಿನಿಂದ ಮಾತ್ರ ಹೊರಟುಹೋಯಿತು.

"ಬಣ್ಣ ಹಳೇದಾದ್ರೆ ಬಿರಿಯತ್ತೆ ಮಗಳೇ."

"ಬಿರಿದ್ರೆ ಸೊಟ್ಟಪಟ್ಟ ಬಿರಿಯತ್ತೆ. ಇದು ರೂಲರ್ ಇಟ್ಟ ಹಾಗಿದೆ."

"ಸರಿ, ಸೀಳಿದಾರೆ ಅಂತಿಟ್ಕೋ. ಅಷ್ಟು ವರ್ಷ ಅಂಬ್ರೋಸ್ ಮನೇಲಿ ಬಚ್ಚಿಟ್ಟಿದ್ದ, ಆಮೇಲೆ ಯಾರೋ ಅವನಿಗೋಸ್ಕರ ಇಲ್ಲಿ ತಂದಿಟ್ರು. ನಾನು ಹೇಳ್ತಿಲ್ಲ. ಕ್ಲಬ್ಬಿನೋರು ಹೀಗಂದ್ರೆ ಏನು ಉತ್ತರ ಕೊಡ್ತೀಯ?"

ಅವರು ಹೇಳಿದ್ದು ನಿಜ. ಬಣ್ಣ ನನಗೆ ಸಾಕು, ಊರಿಗೆ ಸಾಲದು.

"ಅಮ್ಮಾ, ಈಗ ಕೇಳ್ಲಾ?"

"ಆಮೇಲೆ ಅಂದ್ನಲ್ಲ ಕ್ಲೆಮ್ಮಿ. ದೊಡ್ಡೋರು ಮಾತಾಡ್ತಿದ್ದೀವಿ."

"ನೀವು ಯಾವಾಗ್ಲೂ ಮಾತಾಡ್ತಾನೇ ಇರ್ತೀರಿ," ಎಂದು ಗೊಣಗಿ ಅವಳು ಕಬ್ಬಿಣದ ಕಂಬಿಯ ಪಕ್ಕ ನೆಲದ ಮೇಲೆ ಕುಳಿತಳು.

ಕಿಟಕಿಯ ಹಳೆಯ ಗಾಜಿನಲ್ಲಿ ಓಣಿ ನೀರಿನೊಳಗಿನ ಚಿತ್ರದಂತೆ ಅಲುಗುತ್ತಿತ್ತು. ಐದು ವರ್ಷದವಳಾಗಿ ಅಪ್ಪನ ಹೆಗಲ ಮೇಲೆ ಕುಳಿತು ಈ ಗಾಜಿನಿಂದಲೇ ಮೆರವಣಿಗೆ ನೋಡಿದ್ದೆ. ಬ್ಯಾಂಡಿನವರು, ಹೂ ಕಟ್ಟಿದ ಕೋಲುಗಳು, ಎಲ್ಲರಿಗಿಂತ ಮುಂದೆ ಬಿಸಿಲಿಗೆ ಮಿಂಚುವ ಕೊಕ್ಕರೆ. ಅದನ್ನು ಹಿಡಿದು ನಡೆಯುತ್ತಿದ್ದವರು ಕಪ್ಪು ಮೀಸೆಯ ರೂಬೆನ್ ಮಾಮ. ನನ್ನನ್ನು ಕಂಡ ಕೂಡಲೇ ಕೋಲನ್ನು ಅಲುಗಿಸಿ ಕಣ್ಣು ಮಿಟುಕಿಸಿದ್ದರು.

ಮುಂದಿನ ಮಾತನ್ನು ಬಲವಂತದಿಂದ ಆಡಿದೆ.

"ನಾವು ಮನೆ ಬಿಟ್ಟ ಮೇಲೆ ಈ ಕೋಣೆ ಬೀಗದ ಕೈ ಯಾರ ಹತ್ರ ಇತ್ತು, ಮಾಮ?"

"ನನ್ನ ಹತ್ರ." ಅವರು ತಡೆಯದೆ ಹೇಳಿದರು. "ಇವತ್ತಿಗೂ ಒಂದು ನನ್ನ ಹತ್ರ ಇದೆ. ಎಷ್ಟೋ ಸಲ ಮೊಳೆಗೆ ತಗಲಿಹಾಕಿ ಮರೆತಿದ್ದೀನಿ. ನೇರವಾಗಿ ಕೇಳು ಹೆಟ್ಟಿ. ನಾನೇ ಕದ್ದೆ ಅಂತೀಯಾ?"

ಕೇಳಲಾಗಲಿಲ್ಲ. ಆ ಸೇಬಿನ ಬುಟ್ಟಿ ನನ್ನ ಬಾಯಿಗೆ ಅಡ್ಡ ನಿಂತಿತ್ತು.

"ಈ ಮನೇಲಿ ಒಂಟಿ ಯಾವುದೂ ಇಲ್ಲ ಅಂತಿದ್ರು ಅಪ್ಪ," ಎಂದೆ, ಅವರ ಮುಖ ನೋಡದೆ. "ಎಡಕ್ಕೆ ಕೊಕ್ಕರೆ, ಬಲಕ್ಕೆ ಈ ಕಬ್ಬಿಣ. ಇವು ಜೋಡಿ ಅಲ್ಲ. ಕೊಕ್ಕರೆ ಒಳಗಿಟ್ಟೋರು ಇದರ ಜೋಡಿ ಕಬ್ಬಿಣಾನ ಹೊರಗೆ ತೆಗೆದಿರಬೇಕು. ಅದು ಎಲ್ಲಿಗೆ ಹೋಯ್ತು?"

"ಹಳೇ ಕಬ್ಬಿಣ ಎಲ್ಲಿಗೆ ಹೋಗತ್ತೆ, ಗುಜರಿಗೆ. ಯಾವಾಗಲೋ ಕರಗಿ ಯಾರ ಮನೆ ಒಲೆಯಾಗಿದೆಯೋ." ಅವರು ಎದ್ದು ಬೆಳಗುವ ಬಟ್ಟೆಯನ್ನು ಜೇಬಿನಿಂದ ತೆಗೆದರು. ಹತ್ತಿರದ ಕೋಲಿನ ಹಿತ್ತಾಳೆ ತಿಕ್ಕತೊಡಗಿದರು. "ಅದು ಸಿಕ್ಕಿದ್ರೆ ಮಾತು ಬೇರೆ. ಅದು ಯಾರ ಹತ್ರ ಇದೆಯೋ ಅವನೇ ಕಳ್ಳ, ನಾನೂ ಒಪ್ಕೋತೀನಿ. ನಾನೇ ಹೋಗಿ ಅಂಬ್ರೋಸ್ ಕೋಲು ನೆಟ್ಟಗೆ ನಿಲ್ಲಿಸ್ತೀನಿ. ಸಿಗಲ್ಲ ಮಗಳೇ. ಇಷ್ಟು ವರ್ಷದ ಮೇಲೆ ಅದೆಲ್ಲಿ ಸಿಗತ್ತೆ?"

ಮೇಲೆ ಅಪ್ಪನ ಊರುಗೋಲು ಮತ್ತೆ ಬಡಿಯಿತು. ಈ ಸಲ ಮೆಲ್ಲಗೆ.

ಕ್ಲೆಮ್ಮಿ ನೆಲದಿಂದ ಎದ್ದಳು. ಬೆರಳಿನ ಮಾರ್ಮಲೇಡನ್ನು ಗೌನಿಗೆ ಒರೆಸಿಕೊಂಡು, ನನ್ನ ಕಡೆ ನೋಡದೆ ನೇರ ಅವರ ಮುಂದೆ ಹೋಗಿ ನಿಂತಳು. ಅಪ್ಪಣೆ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

"ರೂಬೆನ್ ತಾತ, ನಿಮ್ಮ ಗೇಟಿನ ಸರಪಳೀಲಿ ನೇತಾಡ್ತಿದೆಯಲ್ಲ ಕಬ್ಬಿಣ, ಅದಕ್ಕೂ ಇಲ್ಲೇ, ಇದೇ ನಕ್ಷತ್ರ ಇದೆ. ಅದು ನಮ್ಮ ಕಿಟಕೀದಾ?"